ಒಂದೇ ಅಂಕಿಯ ಉತ್ತರಕ್ಕೆ 22 ದಿನ: ಕಚೇರಿಯಲ್ಲಿ ಮೇಲ್‌ಗೆ ಉತ್ತರ ಬಾರದಿದ್ದಾಗ ನೀವು ಏನು ಮಾಡುತ್ತೀರಿ?

ಪೀಣ್ಯದ_ಪರ್ಚೇಸ್:

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ನಡೆದ ಸಂಗತಿಯೊಂದು ಇನ್ನೂ ಮನಸ್ಸಿನಿಂದ ಹೋಗಿಲ್ಲ, ಆದ್ದರಿಂದ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

25 ಮಿ.ಮೀ. ವ್ಯಾಸದ ಶಾಫ್ಟ್‌ಗಳನ್ನು, ಅಂದರೆ ಯಂತ್ರದಲ್ಲಿ ತಿರುಗುವ ದಂಡಗಳನ್ನು, ಅಳತೆಗೆ ಸರಿಯಾಗಿ ಉಜ್ಜಿಸಲು ಹೊರಗಿನ ಗ್ರೈಂಡಿಂಗ್ ಶಾಪಿಗೆ ಕೊಡಬೇಕಿತ್ತು. ಪರಿಷ್ಕೃತ ಡ್ರಾಯಿಂಗಿನ ಒಂದು ಪುಟದಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂಬ ಮಿತಿ) ಎಚ್6 ಎಂದಿದ್ದರೆ, ಇನ್ನೊಂದು ಪುಟದಲ್ಲಿ ಹಳೆಯ ಎಚ್7 ಹಾಗೆಯೇ ಉಳಿದುಕೊಂಡಿತ್ತು. ಎಚ್7 ಆದರೆ ಶಾಫ್ಟ್ 21 ಮೈಕ್ರಾನಿನಷ್ಟು (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಸಣ್ಣದಾಗಿದ್ದರೂ ನಡೆಯುತ್ತದೆ, ಎಚ್6 ಆದರೆ 13 ಮೈಕ್ರಾನ್ ಮಾತ್ರ. ಈ ಎಂಟು ಮೈಕ್ರಾನಿನ ಅಂತರಕ್ಕೆ ಗ್ರೈಂಡಿಂಗ್ ದರವೇ ಬೇರೆಯಾಗುತ್ತದೆ. ಯಾವುದು ಸರಿ ಎಂದು ಡಿಸೈನ್ ವಿಭಾಗಕ್ಕೆ ಮೇಲ್ ಮಾಡಿದೆ. ಅವರು ಬರೆಯಬೇಕಾಗಿದ್ದುದು ಆರು ಅಥವಾ ಏಳು ಎಂಬ ಒಂದೇ ಅಂಕಿ. 22 ದಿನಗಳಲ್ಲಿ ನಾಲ್ಕು ಮೇಲ್ ಕಳಿಸಿದರೂ ಉತ್ತರ ಬರಲಿಲ್ಲ.

ತಿಂಗಳ ಪರಿಶೀಲನಾ ಸಭೆಯಲ್ಲಿ ಆರ್ಡರ್ ಏಕೆ ಹೋಗಿಲ್ಲ ಎಂಬ ಪ್ರಶ್ನೆ ಬಂದಾಗ ಆ ನಾಲ್ಕೂ ಮೇಲ್‌ಗಳನ್ನು ತೋರಿಸಿದೆ. ನಮ್ಮ ಮ್ಯಾನೇಜರ್ ಹದಿನಾಲ್ಕು ಜನರ ಎದುರಿಗೆ, "ಮೇಲ್ ಹಾಕಿದರೆ ನಿಮ್ಮ ಕೆಲಸ ಮುಗಿಯಿತೇ?" ಎಂದರು. ಸಭೆಯ ಮಿನಿಟ್ಸ್‌ನಲ್ಲಿ "ಪರ್ಚೇಸ್ ವಿಭಾಗದಿಂದ ವಿಳಂಬ" ಎಂದು ದಾಖಲಾಯಿತು. ಕೇಳಿದವರು ತಪ್ಪಿತಸ್ಥರಾಗಿ, ಉತ್ತರಿಸದವರು ಆರಾಮವಾಗಿ ಉಳಿಯುವ ಈ ವ್ಯವಸ್ಥೆಯನ್ನು ನೀವೆಲ್ಲ ಹೇಗೆ ಎದುರಿಸುತ್ತೀರಿ?

ಹಾಸನದ_ಹುಡುಗಿ:

ನಮ್ಮಲ್ಲಿಯೂ ಇದೇ ಕಥೆ. ಎರಡನೆಯ ಮೇಲ್‌ನಲ್ಲಿಯೇ ಅವರ ಮೇಲಧಿಕಾರಿಯನ್ನು ಸಿಸಿಯಲ್ಲಿ ಸೇರಿಸಿಬಿಡಿ, ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ.

ತಂಡದ_ಹೊಣೆ:

ದಯವಿಟ್ಟು ಹಾಗೆ ಮಾಡಬೇಡಿ. ಹನ್ನೆರಡು ಜನರ ತಂಡವೊಂದನ್ನು ನಡೆಸುವ ನನಗೆ ದಿನಕ್ಕೆ ನೂರೈವತ್ತಕ್ಕಿಂತ ಹೆಚ್ಚು ಮೇಲ್ ಬರುತ್ತವೆ. ಅವುಗಳಲ್ಲಿ ನೂರು ನನ್ನಿಂದ ಏನನ್ನೂ ಬೇಡದೆ ಕೇವಲ ಸಿಸಿಯಲ್ಲಿ ಬಂದವು, ಮತ್ತು ನಿಜವಾಗಿ ಉತ್ತರ ಬೇಕಾದ ಮೇಲ್‌ಗಳು ಮುಳುಗಿಹೋಗುವುದು ಆ ನೂರರ ಅಡಿಯಲ್ಲಿಯೇ. ಮೇಲಧಿಕಾರಿಯನ್ನು ಸೇರಿಸಿ ಬೆದರಿಸಿದರೆ ಆ ಸಲ ಉತ್ತರ ಬಂದೀತು, ಆದರೆ ಆ ವ್ಯಕ್ತಿ ಮುಂದೆಂದೂ ನಿಮ್ಮ ಮೇಲ್ ಅನ್ನು ಸಮಾಧಾನದಿಂದ ತೆರೆಯುವುದಿಲ್ಲ.

ಉತ್ತರಿಸದವರೆಲ್ಲ ಆರಾಮವಾಗಿದ್ದಾರೆ ಎಂಬ ಮಾತಿಗೂ ನನ್ನ ಆಕ್ಷೇಪವಿದೆ. ಉತ್ತರ ಬಾಕಿ ಇರುವ ಮೇಲ್‌ಗಳು ರಾತ್ರಿ ಮಲಗುವಾಗಲೂ ನನ್ನನ್ನು ಕಾಡುತ್ತವೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಫ್ರಾನ್ಸಿನಲ್ಲಿ 2017ರಿಂದ, ಕೆಲಸದ ಸಮಯ ಮುಗಿದ ಮೇಲೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕನ್ನು ಕಾನೂನಿನಲ್ಲಿಯೇ ಸೇರಿಸಿದ್ದಾರೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಅವರು ಇಂಥದ್ದೊಂದು ಖಾಸಗಿ ಮಸೂದೆಯನ್ನು ಮಂಡಿಸಿದ್ದರೂ ಅದು ಕಾನೂನಾಗಲಿಲ್ಲ.

ಪೀಣ್ಯದ_ಪರ್ಚೇಸ್:

ರಾತ್ರಿ ಹತ್ತು ಗಂಟೆಗೆ ಯಾರೂ ಉತ್ತರ ಕೇಳುತ್ತಿಲ್ಲ, ಮೇಡಂ. ನಾಲ್ಕೂ ಮೇಲ್‌ಗಳನ್ನು ಬೆಳಗ್ಗೆ ಹತ್ತರಿಂದ ಹನ್ನೊಂದರ ಒಳಗೆ ಕಳಿಸಿದ್ದೇನೆ.

ನಿವೃತ್ತ_ಗುಮಾಸ್ತ:

ಸರ್ಕಾರಿ ಕಚೇರಿಯಲ್ಲಿ 34 ವರ್ಷ ಸೇವೆ ಸಲ್ಲಿಸಿದವನು ನಾನು. ನಿಮ್ಮ ಖಾಸಗಿ ಕಂಪನಿಗಳಲ್ಲಿ ನಮ್ಮ ಕಚೇರಿಗಳ ಹೆಸರೆತ್ತಿದರೆ ನಗುತ್ತಾರೆಂದು ಗೊತ್ತಿದೆ, ಆದರೂ ಉತ್ತರಿಸದಿರುವುದನ್ನು ಹಿಡಿದು ನಿಲ್ಲಿಸುವ ಒಂದು ಕ್ರಮ ನಮ್ಮಲ್ಲಿತ್ತು ಎಂಬುದನ್ನು ಹೇಳಲೇಬೇಕು.

ಟಪಾಲು ಬಂದ ಕೂಡಲೇ ಅದಕ್ಕೆ ದಿನಾಂಕದ ಮೊಹರು ಬಿದ್ದು, ಆವಕ ವಹಿಯಲ್ಲಿ ಸಂಖ್ಯೆ ಪಡೆದು, ಒಬ್ಬ ವಿಷಯ ನಿರ್ವಾಹಕನ ಹೆಸರಿಗೆ ಹೋಗುತ್ತಿತ್ತು. ಒಬ್ಬನ ಹೆಸರಿಗೆ ಎಂಬುದನ್ನು ಗಮನಿಸಿ. ಉತ್ತರ ಹೋಗದಿದ್ದರೆ ಮೊದಲನೆಯ ನೆನಪೋಲೆ, ಆಮೇಲೆ ಎರಡನೆಯ ನೆನಪೋಲೆ, ಅದಕ್ಕೂ ಜಗ್ಗದಿದ್ದರೆ ಅಧಿಕಾರಿಯಿಂದ ಅಧಿಕಾರಿಗೆ ಹೆಸರು ಹಿಡಿದು ಬರೆಯುವ ಅರೆ ಸರ್ಕಾರಿ ಪತ್ರ. ಪ್ರತಿ ನೆನಪೋಲೆಯ ನೆತ್ತಿಯಲ್ಲಿ "ಉಲ್ಲೇಖ" ಎಂದು ಬರೆದು ಹಿಂದಿನ ಎಲ್ಲ ಪತ್ರಗಳ ಸಂಖ್ಯೆ ಮತ್ತು ದಿನಾಂಕವನ್ನು ಸಾಲಾಗಿ ಕೊಡುತ್ತಿದ್ದೆವು. ಬೈಗುಳ ಬೇಕಿರಲಿಲ್ಲ, ಆ ದಿನಾಂಕಗಳ ಪಟ್ಟಿಯೇ ಹೇಳಬೇಕಾದುದನ್ನು ಹೇಳುತ್ತಿತ್ತು.

ಇನ್ನು ಸಿಸಿಯ ವಿಷಯ. ಅದು ಕಾರ್ಬನ್ ಕಾಪಿ ಎಂಬ ಮಾತಿನ ಸಂಕ್ಷಿಪ್ತ ರೂಪವೆಂಬುದನ್ನು ಇಂದಿನ ಹುಡುಗರು ಮರೆತಿದ್ದಾರೆ. ಟೈಪ್‌ರೈಟರಿನಲ್ಲಿ ಹಾಳೆಗಳ ನಡುವೆ ಕಪ್ಪು ಕಾರ್ಬನ್ ಇಟ್ಟು ಹೊಡೆದರೆ ನಾಲ್ಕನೆಯ ಪ್ರತಿಗೆ ಬರುವಷ್ಟರಲ್ಲಿ ಅಕ್ಷರ ಮಸುಕಾಗಿ, ದೀಪದ ಹತ್ತಿರ ಹಿಡಿದು ಓದಬೇಕಾಗುತ್ತಿತ್ತು. ಅದಕ್ಕಾಗಿ ಯಾರಿಗೆ ಪ್ರತಿ ಬೇಕು ಎಂದು ಯೋಚಿಸಿಯೇ ಹಾಳೆ ಜೋಡಿಸುತ್ತಿದ್ದೆವು, ಮತ್ತು ಪತ್ರದ ಕೊನೆಯಲ್ಲಿ ಯಾರಿಗೆ "ಮಾಹಿತಿಗಾಗಿ", ಯಾರಿಗೆ "ಸೂಕ್ತ ಕ್ರಮಕ್ಕಾಗಿ" ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸುತ್ತಿದ್ದೆವು. ಪೀಣ್ಯದವರೇ, ನಿಮ್ಮ ಮೇಲ್ ಎಷ್ಟು ಜನರಿಗೆ ಹೋಗಿತ್ತು?

ಪೀಣ್ಯದ_ಪರ್ಚೇಸ್:

ಡಿಸೈನ್ ವಿಭಾಗದ ಗುಂಪಿನ ವಿಳಾಸಕ್ಕೆ ಕಳಿಸಿದ್ದೆ, ಸರ್. ಆ ಗುಂಪಿನಲ್ಲಿ 11 ಜನರಿದ್ದಾರೆ.

ನಿವೃತ್ತ_ಗುಮಾಸ್ತ:

ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಇದಕ್ಕೇ. ನಿಮ್ಮಲ್ಲಿ ಹನ್ನೊಂದು ಜನ.

ತುಂಗಾತೀರ:

ಗುಮಾಸ್ತರ ಮಾತಿಗೆ ಒಂದು ತಕರಾರಿದೆ. ಅಷ್ಟು ಚೆಂದದ ಕ್ರಮವಿದ್ದ ಕಚೇರಿಗಳಲ್ಲಿಯೇ ನನ್ನ ತಂದೆಯವರ ಖಾತೆ ಬದಲಾವಣೆಯ ಅರ್ಜಿ ಒಂದೂವರೆ ವರ್ಷ ಕುಳಿತಿತ್ತು. ಆವಕ ಸಂಖ್ಯೆ ಇತ್ತು, ಮೊಹರು ಇತ್ತು, ಉತ್ತರ ಮಾತ್ರ ಇರಲಿಲ್ಲ.

ನಿವೃತ್ತ_ಗುಮಾಸ್ತ:

ನಿಮ್ಮ ಮಾತನ್ನು ಒಪ್ಪುತ್ತೇನೆ, ತಪ್ಪು ನಮ್ಮ ಕಡೆಯದೇ. ಸಂಖ್ಯೆ ಕೊಟ್ಟರೆ ಸಾಲದು, ಸುಮ್ಮನಿದ್ದವನಿಗೆ ಅದರಿಂದ ಏನಾದರೂ ತಗಲಬೇಕು ಎಂಬ ಕಾರಣಕ್ಕಾಗಿಯೇ ಮುಂದೆ ಕಾನೂನುಗಳು ಬಂದವು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನಗಳೊಳಗೆ ಉತ್ತರಿಸದಿದ್ದರೆ ಮಾಹಿತಿಯನ್ನು ನಿರಾಕರಿಸಿದಂತೆಯೇ ಎಂದು ಭಾವಿಸಿ ಅರ್ಜಿದಾರರು ಮೇಲ್ಮನವಿಗೆ ಹೋಗಬಹುದು. ನಮ್ಮ ರಾಜ್ಯದಲ್ಲಿ 2011ರ ಕಾಯ್ದೆಯಡಿ 2012ರಲ್ಲಿ ಜಾರಿಗೆ ಬಂದ, ಸರ್ಕಾರಿ ಸೇವೆಗಳನ್ನು ಗೊತ್ತಾದ ಅವಧಿಯೊಳಗೆ ಕೊಡುವ "ಸಕಾಲ" ಯೋಜನೆಯಲ್ಲಿ ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆ ಕೊಟ್ಟು, ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿದರು. ಹಣ ಸಣ್ಣದಿರಬಹುದು, ಆದರೆ ಅವಧಿ ಮೀರಿದ ಅರ್ಜಿಗಳ ಪಟ್ಟಿ ಮೇಲಿನವರ ಪರದೆಯ ಮೇಲೆ ಕಾಣತೊಡಗಿದ ಮೇಲೆ ನಮ್ಮ ಶಾಖೆಯಲ್ಲಿ ಮೇಜಿನ ಮೇಲಿನ ಕಟ್ಟುಗಳು ಕರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸಣ್ಣ_ಕೈಗಾರಿಕೆ:

ಶಾಫ್ಟ್ ಗ್ರೈಂಡಿಂಗ್ ಮಾಡುವ ಕಡೆಯವನು ನಾನು, ಆದ್ದರಿಂದ ಸರಪಳಿಯ ಈ ತುದಿಯ ನೋವನ್ನೂ ಕೇಳಿಸಿಕೊಳ್ಳಿ. ದೊಡ್ಡ ಕಂಪನಿಯೊಂದಕ್ಕೆ ಮಾಲು ಕೊಟ್ಟು 70 ದಿನ ಕಳೆದರೂ ಬಿಲ್ ಪಾವತಿಯಾಗಿರಲಿಲ್ಲ. ಅಕೌಂಟ್ಸ್‌ಗೆ ಆರು ಮೇಲ್ ಮಾಡಿದೆ. ಏಳು ಜನ ಕೆಲಸಗಾರರ ಸಂಬಳ, ಗ್ರೈಂಡಿಂಗ್ ವೀಲ್‌ಗಳ ಸಾಲ, ಶೆಡ್ಡಿನ ಬಾಡಿಗೆ ಎಲ್ಲವೂ ಆ ಬಾರದ ಉತ್ತರದ ಮೇಲೆ ನಿಂತಿದ್ದವು.

ಕೊನೆಗೆ ಆಡಿಟರ್ ಒಬ್ಬರು ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಉದ್ಯಮಕ್ಕೆ ಖರೀದಿದಾರರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ನನಗೆ ಬಹಳ ಸಮಾಧಾನ ಕೊಟ್ಟ ಅಂಶ ಇನ್ನೊಂದು. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ ಮಾಲನ್ನು ಅವರು ತಲುಪಿದ ದಿನವೇ ಸ್ವೀಕರಿಸಿದಂತೆ ಎಂದು ಆ ಕಾಯ್ದೆ ಭಾವಿಸುತ್ತದೆ. ಅಂದರೆ ಅಲ್ಲಿ ಅವರ ಮೌನ ನನ್ನ ಪರವಾಗಿಯೇ ಲೆಕ್ಕಕ್ಕೆ ಬರುತ್ತದೆ. ಏಳನೆಯ ಮೇಲ್‌ನಲ್ಲಿ ಉದ್ಯಮ್ ನೋಂದಣಿ ಸಂಖ್ಯೆ, ಮಾಲು ತಲುಪಿದ ದಿನಾಂಕ ಮತ್ತು ಬಡ್ಡಿಯ ಲೆಕ್ಕವನ್ನು ಬರೆದು, ಇಂಥ ದಿನದ ನಂತರ ಇಂಥ ಬಾಕಿಗಳಿಗಾಗಿಯೇ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ ಎಂದು ತಿಳಿಸಿದೆ. ನಾಲ್ಕನೆಯ ದಿನ ಹಣ ಬಂತು, ಮೇಲ್‌ಗೆ ಉತ್ತರ ಇಂದಿಗೂ ಬಂದಿಲ್ಲ.

ಹಾಸನದ_ಹುಡುಗಿ:

ಹಾಗಾದರೆ "ಮೌನಂ ಸಮ್ಮತಿ ಲಕ್ಷಣಂ" ಎಂದು ನಾವೂ ಬರೆಯಬಹುದಲ್ಲವೇ? ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಇದೆಯೆಂದು ಭಾವಿಸುತ್ತೇನೆ ಎಂದು ಮೇಲ್‌ನ ಕೊನೆಯಲ್ಲಿ ಸೇರಿಸಿದರೆ ಆಯಿತು.

ವಕೀಲಿ_ವೃತ್ತಿ:

ಸ್ವಲ್ಪ ತಡೆಯಿರಿ. ಮೇಲಿನವರು ಹೇಳಿದ್ದು ಒಂದು ವಿಶೇಷ ಕಾಯ್ದೆಯ ಮಾತು, ಅದನ್ನು ಎಲ್ಲ ಕಡೆಗೂ ಹಿಗ್ಗಿಸಲಾಗದು. ಬೇರೆ ಬೇರೆ ಕಂಪನಿಗಳ ನಡುವಿನ ಒಪ್ಪಂದದಲ್ಲಿ ಒಪ್ಪಿಗೆಯನ್ನು ತಿಳಿಸಬೇಕಾದುದು ಅಗತ್ಯ, ನೀವು ಸುಮ್ಮನಿದ್ದರೆ ಒಪ್ಪಿದಂತೆ ಎಂದು ಒಂದು ಕಡೆಯವರು ಇನ್ನೊಂದು ಕಡೆಯವರ ಮೇಲೆ ಹೇರಲು ಸಾಮಾನ್ಯವಾಗಿ ಬರುವುದಿಲ್ಲ. ಒಂದೇ ಕಚೇರಿಯ ಒಳಗೆ ನೀವು ಹಾಗೊಂದು ರೂಢಿ ಮಾಡಿಕೊಂಡರೆ ಅದು ಬೇರೆ ವಿಷಯ.

ಆದರೆ "ನಾನು ಆ ಮೇಲ್ ನೋಡಿಯೇ ಇಲ್ಲ" ಎಂಬ ಸಬೂಬನ್ನು ಕಾನೂನು ಅಷ್ಟಾಗಿ ಕೇಳುವುದಿಲ್ಲ ಎಂಬುದೂ ನಿಜ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಸ್ವೀಕರಿಸುವವರು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಸಂದೇಶವು ಪ್ರವೇಶಿಸಿದ ಸಮಯವೇ ಅದನ್ನು ಸ್ವೀಕರಿಸಿದ ಸಮಯ. ತೆರೆದು ಓದಿದ ಸಮಯವಲ್ಲ. ಮೇಲ್‌ಗಳ ಮೂಲಕವೇ ಕುದುರಿದ ವ್ಯವಹಾರವನ್ನು ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಊರ್ಜಿತವೆಂದು ಎತ್ತಿಹಿಡಿದಿದೆ. ಆದ್ದರಿಂದ ಫೋನಿನಲ್ಲಿ ಮಾತಾಡಿದರೂ ಆಮೇಲೆ ಎರಡು ಸಾಲು ಬರೆದು ಕಳಿಸಿ.

ಮೇಲ್_ಸರ್ವರ್:

ಮನುಷ್ಯರನ್ನು ದೂರುವ ಮೊದಲು ಮೇಲ್ ತಲುಪಿದೆಯೇ ಎಂದು ನೋಡಿ ಎನ್ನುವುದು ಐಟಿ ಸಪೋರ್ಟಿನಲ್ಲಿ ಕುಳಿತ ನನ್ನ ವಿನಂತಿ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಕಡತವನ್ನು ನೇರವಾಗಿ ಲಗತ್ತಿಸಲಾಗುವುದಿಲ್ಲ, ಡ್ರೈವ್ ಕೊಂಡಿಯಾಗಿ ಹೋಗುತ್ತದೆ. ಆ ಕೊಂಡಿಗೆ ಅನುಮತಿ ಇಲ್ಲದೆ ಎದುರಿನವರು ತೆರೆಯಲಾಗದೆ ಸುಮ್ಮನಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸ್ಪ್ಯಾಮ್‌ಗೆ ಬಿದ್ದ ಮೇಲ್ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಇನ್ನು ಕೆಲವರು ಎಂದೋ ಒಂದು ದಿನ ಗುಂಪಿನ ಮೇಲ್‌ಗಳೆಲ್ಲ ಬೇರೆ ಫೋಲ್ಡರಿಗೆ ಹೋಗಲಿ ಎಂದು ರೂಲ್ ಹಾಕಿಕೊಂಡು ಅದನ್ನು ಮರೆತಿರುತ್ತಾರೆ. ಕಳೆದ ವರ್ಷ ಒಬ್ಬರ ಕಂಪ್ಯೂಟರಿನಲ್ಲಿ ಅಂಥ ಫೋಲ್ಡರ್ ತೆರೆದು ತೋರಿಸಿದಾಗ ಓದದ ಮೇಲ್‌ಗಳ ಎಣಿಕೆ 4,312 ಎಂದಿತ್ತು, ಅವರು ಐದು ನಿಮಿಷ ಮಾತೇ ಆಡಲಿಲ್ಲ.

ಓದಿದ ಬಗ್ಗೆ ಸ್ವೀಕೃತಿ ಕೇಳುವ ಸೌಲಭ್ಯವನ್ನು ನಂಬಿ ಕೂರಬೇಡಿ, ಅದನ್ನು ಕಳಿಸದಿರಲು ಎದುರಿನವರಿಗೆ ಅವಕಾಶವಿರುತ್ತದೆ.

ಗೋಕುಲ_ರಸ್ತೆ:

ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಯಾರೂ ಹೇಳದ ಒಂದು ಕಾರಣವನ್ನು ಹೇಳಬೇಕೆನಿಸಿತು.

ನಮ್ಮ ಸ್ಟೋರ್ಸಿನಲ್ಲಿ ಹಿರಿಯರೊಬ್ಬರಿದ್ದಾರೆ. ಯಾವ ರ್‍ಯಾಕಿನ ಯಾವ ಬಿನ್‌ನಲ್ಲಿ ಎಷ್ಟು ಬೇರಿಂಗ್ ಇವೆ ಎಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲವರು. ಆದರೆ ಮೇಲ್‌ಗೆ ಮಾತ್ರ ಉತ್ತರಿಸುತ್ತಿರಲಿಲ್ಲ. ಅವರ ಮೇಲೆ ದೂರು ಹೋಯಿತು, ಎಚ್ಚರಿಕೆಯ ಪತ್ರ ಕೊಡುವ ಮಾತೂ ನಡೆಯಿತು. ಒಂದು ದಿನ ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಅವರ ಪಕ್ಕದಲ್ಲಿ ಕುಳಿತಾಗ ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಬಂದ ಪ್ರತಿ ಮೇಲ್‌ಗೂ ಪೆನ್ಸಿಲಿನಲ್ಲಿ ಇಂಗ್ಲಿಷ್ ಉತ್ತರ ಬರೆದು, ಹೊಡೆದು, ಮತ್ತೆ ಬರೆದಿದ್ದರು. ಒಂದು ಪುಟದಲ್ಲಿ ಒಂದೇ ವಾಕ್ಯವನ್ನು ಐದು ಸಲ ತಿದ್ದಿದ್ದರು. ಎಂಟು ಜನ ಇಂಜಿನಿಯರುಗಳು ಓದುವ ಮೇಲ್‌ನಲ್ಲಿ ತಪ್ಪು ಇಂಗ್ಲಿಷ್ ಬರೆದರೆ ಮರ್ಯಾದೆ ಹೋಗುತ್ತದೆಂಬ ಅಂಜಿಕೆಯಿಂದ ಕಳಿಸದೆ ಬಿಡುತ್ತಿದ್ದರು, ಮತ್ತು ಸಂಜೆ ಹೊತ್ತಿಗೆ ತಾವೇ ನಡೆದು ಬಂದು ಬಾಯಿಮಾತಿನಲ್ಲಿ ಹೇಳಿ ಹೋಗುತ್ತಿದ್ದರು. ನಾವು ಆ ಹೊತ್ತಿಗೆ ಮೀಟಿಂಗಿನಲ್ಲಿ ಇರುತ್ತಿದ್ದೆವು.

ಮರುದಿನದಿಂದ ನಾನು ಅವರಿಗೆ ಕನ್ನಡದಲ್ಲಿಯೇ ಮೇಲ್ ಬರೆಯಲಾರಂಭಿಸಿದೆ. "ಕಾಕಾ, 6205 ಬೇರಿಂಗ್ ಎಷ್ಟು ಅದಾವು?" ಎಂದು ಕೇಳಿದರೆ ಹತ್ತು ನಿಮಿಷದಲ್ಲಿ "48 ಅದಾವ್ರಿ, 12 ಬ್ಯಾರೆ ಆರ್ಡರಿಗೆ ತಗದಿಟ್ಟೀನಿ" ಎಂದು ಉತ್ತರ ಬರುತ್ತದೆ. ನಾವು ಕೇಳದೆ ಇದ್ದ ಆ 12ರ ಸಂಗತಿಯನ್ನೂ ಅವರೇ ಸೇರಿಸುತ್ತಾರೆ. ಉತ್ತರ ಬರೆಯದವರನ್ನು ಸೋಮಾರಿ ಎನ್ನುವ ಮೊದಲು ಯಾವ ಭಾಷೆಯಲ್ಲಿ ಕೇಳಿದ್ದೇವೆ ಎಂದು ನೋಡಿಕೊಳ್ಳಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಾಸನದ_ಹುಡುಗಿ:

ಇದನ್ನು ಓದಿ ಗಂಟಲು ಕಟ್ಟಿತು. ನಮ್ಮ ಡಿಸ್ಪ್ಯಾಚ್‌ನಲ್ಲಿಯೂ ಇಂಥವರೊಬ್ಬರಿದ್ದಾರೆ, ಅವರ ಮೇಲೆ ನಾನೇ ದೂರು ಕೊಟ್ಟಿದ್ದೇನೆ. ನಾಳೆ ಬೆಳಗ್ಗೆ ಮೊದಲು ಅವರ ಹತ್ತಿರ ಹೋಗಿ ಮಾತಾಡುತ್ತೇನೆ.

ತಂಡದ_ಹೊಣೆ:

ಗೋಕುಲ ರಸ್ತೆಯವರ ಮಾತು ಸತ್ಯ. ಆದರೆ ಇಂಗ್ಲಿಷ್ ಚೆನ್ನಾಗಿ ಬರುವ ನಮ್ಮಂಥವರೂ ಉತ್ತರಿಸದೆ ಉಳಿಯುತ್ತೇವಲ್ಲ, ಅದಕ್ಕೆ ನನ್ನ ಅನುಭವದಲ್ಲಿ ಮುಖ್ಯ ಕಾರಣ ಪೂರ್ಣ ಉತ್ತರ ಸಿಗುವವರೆಗೆ ಕಾಯುವುದು. ಅಂಕಿ ಅಂಶ ಬರಲಿ, ಆಮೇಲೆ ವಿವರವಾಗಿ ಬರೆಯೋಣ ಎಂದುಕೊಂಡು ಒಂದು ವಾರ ಕಳೆದಿರುತ್ತದೆ. ಎಂಟನೆಯ ದಿನ ತಡವಾದದ್ದಕ್ಕೆ ನಾಚಿಕೆಯಾಗಿ ಮತ್ತಷ್ಟು ಮುಂದಕ್ಕೆ ಹೋಗುತ್ತದೆ. ಈಗ ನಾನು "ಮೇಲ್ ನೋಡಿದೆ, ಗುರುವಾರ ಸಂಜೆಯೊಳಗೆ ತಿಳಿಸುತ್ತೇನೆ" ಎಂಬ ಒಂದು ಸಾಲನ್ನು ಅಂದೇ ಬರೆದುಬಿಡುತ್ತೇನೆ. ನೂರೈವತ್ತು ಮೇಲ್‌ಗಳ ನಡುವೆಯೂ ಅದು ಸಾಧ್ಯವಾಗಿದೆ.

ಹೊಸ_ನೌಕರ:

ಆ ಒಂದು ಸಾಲಿಗಾಗಿ ನಾನು ನಾಲ್ಕು ತಿಂಗಳು ಕಾದಿದ್ದೇನೆ. ಆಫರ್ ಲೆಟರ್ ಕೊಟ್ಟ ಕಂಪನಿಯೊಂದು ಸೇರುವ ದಿನಾಂಕವನ್ನು ಮುಂದೂಡಿ, ಆಮೇಲೆ ನನ್ನ ಯಾವ ಮೇಲ್‌ಗೂ ಉತ್ತರಿಸಲಿಲ್ಲ. ಇಲ್ಲ ಎಂದು ಬರೆದಿದ್ದರೂ ಸಾಕಿತ್ತು, ಬೇರೆ ಕಡೆ ಸೇರಿಕೊಳ್ಳುತ್ತಿದ್ದೆ. ಅಮ್ಮ ದಿನವೂ ಊಟ ಬಡಿಸುವಾಗ "ಏನಾದರೂ ಬಂತೇನೋ?" ಎಂದು ಕೇಳುತ್ತಿದ್ದರು.

ಸಣ್ಣ_ಕೈಗಾರಿಕೆ:

ತಮ್ಮಾ, ಈಗ ಕೆಲಸ ಸಿಕ್ಕಿದೆಯೇ?

ಹೊಸ_ನೌಕರ:

ಸಿಕ್ಕಿದೆ ಸರ್, ಬೇರೆ ಕಂಪನಿಯಲ್ಲಿ. ಅರ್ಜಿ ಹಾಕಿದವರಿಗೆ ಮೇಲ್ ಬರೆಯುವ ಕೆಲಸವನ್ನು ನಮ್ಮ ತಂಡದಲ್ಲಿ ನಾನೇ ಕೇಳಿ ವಹಿಸಿಕೊಂಡಿದ್ದೇನೆ.

ಮ್ಯೂನಿಕ್_ಕನ್ನಡಿಗ:

ಜರ್ಮನಿಯಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಇಲ್ಲಿ ರಜೆಗೆ ಹೊರಡುವವರು ಎಂದು ಮರಳುತ್ತೇನೆ, ಅಲ್ಲಿಯವರೆಗೆ ಯಾರನ್ನು ಕೇಳಬೇಕು ಎಂಬ ತಾನಾಗಿಯೇ ಹೋಗುವ ಉತ್ತರವನ್ನು ಸಿದ್ಧಪಡಿಸದೆ ಕಂಪ್ಯೂಟರ್ ಮುಚ್ಚುವುದಿಲ್ಲ. 2014ರಲ್ಲಿ ಡೈಮ್ಲರ್ ಕಂಪನಿ ಇನ್ನೂ ಮುಂದೆ ಹೋಗಿ, ರಜೆಯಲ್ಲಿರುವವರಿಗೆ ಬಂದ ಮೇಲ್‌ಗಳನ್ನು ಅಳಿಸಿಹಾಕಿ, ಬದಲಿ ವ್ಯಕ್ತಿಯ ವಿಳಾಸವನ್ನು ಕಳಿಸಿದವರಿಗೆ ತಿಳಿಸುವ ಆಯ್ಕೆಯನ್ನು ನೌಕರರಿಗೆ ಕೊಟ್ಟಿತ್ತು. ಉತ್ತರ ಬರುವುದಿಲ್ಲವೆಂದು ಮೊದಲೇ ಗೊತ್ತಾದರೆ ಕಾಯುವವರಿಗೆ ಅರ್ಧ ಸಂಕಟ ಕಡಿಮೆ.

ತುಂಗಾತೀರ:

ಅದು ಅಲ್ಲಿ ನಡೆಯುತ್ತದೆ, ಸರ್. ನಮ್ಮಲ್ಲಿ ಬದಲಿ ವ್ಯಕ್ತಿಯೇ ಇರುವುದಿಲ್ಲ, ಒಬ್ಬರು ರಜೆ ಹಾಕಿದರೆ ಅವರ ಕುರ್ಚಿಯ ಕೆಲಸ ಅಲ್ಲಿಯೇ ನಿಲ್ಲುತ್ತದೆ. ಪೀಣ್ಯದವರೇ, ಇಷ್ಟೆಲ್ಲ ಚರ್ಚೆಯಾಯಿತು, ನೀವು ಒಮ್ಮೆ ಎದ್ದು ಡಿಸೈನ್ ವಿಭಾಗಕ್ಕೆ ಹೋಗಿದ್ದೀರಾ?

ಪೀಣ್ಯದ_ಪರ್ಚೇಸ್:

ಇಲ್ಲಿಯ ಉತ್ತರಗಳನ್ನು ಓದಿದ ಮೇಲೆ ನಿನ್ನೆ ಹೋದೆ. ಡ್ರಾಯಿಂಗಿನ ಎರಡೂ ಪುಟಗಳ ಪ್ರಿಂಟ್ ತೆಗೆದುಕೊಂಡು, ಎಚ್6 ಮತ್ತು ಎಚ್7 ಇದ್ದ ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಎರಡನೆಯ ಮಹಡಿಗೆ ಹತ್ತಿದೆ.

ಆ ಡ್ರಾಯಿಂಗ್ ತಿದ್ದಿದ ಇಂಜಿನಿಯರ್ ನನಗಿಂತ ಚಿಕ್ಕವರು. ಅವರ ತಂಡದಿಂದ ಇಬ್ಬರು ಕೆಲಸ ಬಿಟ್ಟು ಹೋಗಿದ್ದು, ಆ ಇಬ್ಬರ ಕೆಲಸವೂ ಮೂರು ತಿಂಗಳಿಂದ ಅವರ ಮೇಜಿನ ಮೇಲೆಯೇ ಇದೆ. ಪ್ರಿಂಟ್ ನೋಡಿ ಒಂದು ನಿಮಿಷದೊಳಗೆ, "ಎಚ್6 ಸರಿ, ಅಲ್ಲಿ ಬೇರಿಂಗ್ ಕೂರುತ್ತದೆ, ಎರಡನೆಯ ಪುಟದಲ್ಲಿ ತಿದ್ದುವುದು ಬಿಟ್ಟುಹೋಗಿದೆ" ಎಂದರು. ನನ್ನ ಮೇಲ್‌ಗಳನ್ನು ಹುಡುಕಿ ತೆಗೆದಾಗ ನಾಲ್ಕರ ವಿಷಯದ ಸಾಲಿನಲ್ಲಿಯೂ "ಡ್ರಾಯಿಂಗ್ ಸ್ಪಷ್ಟೀಕರಣ" ಎಂದಷ್ಟೇ ಇತ್ತು. ಅದೇ ವಿಷಯದ ಮೇಲ್‌ಗಳು ಬೇರೆ ವಿಭಾಗಗಳಿಂದ ಇನ್ನೂ ಮೂವತ್ತು ಬಂದಿದ್ದವು. ಗುಂಪಿಗೆ ಬಂದದ್ದಾದ್ದರಿಂದ ತಂಡದ ನಾಯಕರು ಉತ್ತರಿಸುತ್ತಾರೆಂದು ಅವರು ತಿಳಿದಿದ್ದರು. ಭಾಗದ ಸಂಖ್ಯೆಯನ್ನೂ, ಅವರ ಹೆಸರನ್ನೂ, ಬೇಕಾದ ದಿನಾಂಕವನ್ನೂ ಬರೆಯದೆ ಇದ್ದದ್ದು ನನ್ನ ಕಡೆಯ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ.

ವಕೀಲರು ಹೇಳಿದಂತೆ ಬರಹದಲ್ಲಿ ಕೇಳಿದೆ. ನಾನು ಪಕ್ಕದಲ್ಲಿ ನಿಂತಿರುವಾಗಲೇ ಎರಡು ಸಾಲು ಬರೆದು ಎಲ್ಲರಿಗೂ ಕಳಿಸಿದರು. ಸಂಜೆಯೊಳಗೆ ತಿದ್ದಿದ ಡ್ರಾಯಿಂಗ್ ಗ್ರೈಂಡಿಂಗ್ ಶಾಪಿಗೆ ತಲುಪಿತು.

ವಕೀಲಿ_ವೃತ್ತಿ:

ಸಂತೋಷ. ಆದರೆ ಮಿನಿಟ್ಸ್‌ನಲ್ಲಿ "ಪರ್ಚೇಸ್ ವಿಭಾಗದಿಂದ ವಿಳಂಬ" ಎಂದಿರುವುದನ್ನು ಹಾಗೆಯೇ ಬಿಡಬೇಡಿ. ವಾರ್ಷಿಕ ಮೌಲ್ಯಮಾಪನದ ಹೊತ್ತಿಗೆ ಯಾರಿಗೂ ಶಾಫ್ಟ್ ನೆನಪಿರುವುದಿಲ್ಲ, ಆ ಸಾಲು ಮಾತ್ರ ಉಳಿದಿರುತ್ತದೆ.

ಪೀಣ್ಯದ_ಪರ್ಚೇಸ್:

ಇಂದು ಮಧ್ಯಾಹ್ನ ಮ್ಯಾನೇಜರ್ ಎದುರಿಗೆ ಕುಳಿತು ಮಾತಾಡಿದೆ. ಹದಿನಾಲ್ಕು ಜನರ ಎದುರಿಗೆ ಹಾಗೆ ಅಂದದ್ದು ನನಗೆ ನೋವಾಯಿತು ಎಂಬುದನ್ನೂ ಹೇಳಿದೆ. ಅವರು ಕೆಲಕಾಲ ಸುಮ್ಮನಿದ್ದು, "ಡ್ರಾಯಿಂಗಿನಲ್ಲಿ ವ್ಯತ್ಯಾಸವಿದ್ದುದರಿಂದ ವಿಳಂಬ" ಎಂದು ತಿದ್ದಿಸುವುದಾಗಿ ಒಪ್ಪಿದರು. ಮಾತಾಡಿದ್ದರ ಸಾರಾಂಶವನ್ನು ಆ ಸಭೆಯ ದಿನಾಂಕದ ಸಹಿತ ಅವರೊಬ್ಬರ ಹೆಸರಿಗೇ ಮೇಲ್ ಮಾಡಿದ್ದೇನೆ. ತಿದ್ದಿದ ಪ್ರತಿ ಇನ್ನೂ ಬಂದಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದರವರೆಗೆ ನೋಡಿ, ಮತ್ತೆ ಅವರ ಕೋಣೆಗೆ ಹೋಗುತ್ತೇನೆ.